ಸವೆತ ಮತ್ತು ದಣಿವು: ‘ವೇರ್ ಔಟ್’ ಎಂಬ ಇಂಗ್ಲಿಷ್ ಮಾತಿನ ಪ್ರಯೋಗ

ಕೂಕಟ್‌ಪಲ್ಲಿಯಲ್ಲಿ ಬಾಳುವೆ ಮಾಡುವ ಕನ್ನಡಿಗನಿಗೆ ದಿನಕ್ಕೆ ನಾಲ್ಕು ಭಾಷೆಗಳು ಬೇಕಾಗುತ್ತವೆ. ಮನೆಯಲ್ಲಿ ಕನ್ನಡ, ತರಕಾರಿ ಅಂಗಡಿಯಲ್ಲಿ ತೆಲುಗು, ಕಾರ್ಖಾನೆಯ ಅಂಗಳದಲ್ಲಿಯೂ ಆಟೋ ನಿಲ್ದಾಣದಲ್ಲಿಯೂ ಹಿಂದಿ ಅಥವಾ ದಖನಿ. ಈ ಮೂರನ್ನು ನಮ್ಮವರು ಬೇಗನೆ ಕಲಿತುಬಿಡುತ್ತಾರೆ. ಬೀದರ, ಕಲಬುರಗಿ, ರಾಯಚೂರುಗಳ ಕಡೆಯಿಂದ ಬಂದವರಿಗಂತೂ ಇದು ಹಳೆಯ ಅಭ್ಯಾಸ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವ ವರೆಗೆ ಆ ಜಿಲ್ಲೆಗಳೆಲ್ಲ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಆದರೆ ನಾಲ್ಕನೆಯ ಭಾಷೆಯಾದ ಇಂಗ್ಲಿಷು ಹೆಚ್ಚಾಗಿ ಕಾಗದದ ಮೇಲಿನದು. ಬಾಯಿಂದ ಆಡಿದ ತಪ್ಪನ್ನು ನಗುತ್ತಲೇ ತಿದ್ದಿಕೊಳ್ಳಬಹುದು. ಕಾಗದದ ಮೇಲೆ ಆದ ತಪ್ಪು ಫೈಲಿನಲ್ಲಿ ಕುಳಿತುಬಿಡುತ್ತದೆ.

ಈ ಪಾಠಕ್ಕೆ ನಾವು ಆರಿಸಿಕೊಂಡಿರುವುದು ‘ವೇರ್ ಔಟ್’ ಎಂಬ ಎರಡು ಪದಗಳ ಮಾತನ್ನು. ಚಪ್ಪಲಿ ಸವೆದರೂ ಇದೇ ಮಾತು, ಯಂತ್ರದ ಬೇರಿಂಗ್ ಸವೆದರೂ ಇದೇ ಮಾತು, ಎರಡು ಪಾಳಿ ದುಡಿದು ಮನುಷ್ಯ ಬಸವಳಿದರೂ ಇದೇ ಮಾತು. ಬಾಲಾನಗರ, ಸನತ್‌ನಗರ, ಜೀಡಿಮೆಟ್ಲಗಳ ಕಾರ್ಖಾನೆಗಳಲ್ಲಿ ದುಡಿಯುವ, ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುವ ನಮ್ಮ ವಾಚಕರಿಗೆ ಇದು ಮೂರು ಕಡೆ ಎದುರಾಗುತ್ತದೆ: ಯಂತ್ರದ ದೋಷವನ್ನು ಬರೆಯುವ ಪುಸ್ತಕದಲ್ಲಿ, ರಜೆಯ ಅರ್ಜಿಯಲ್ಲಿ ಮತ್ತು ಮನೆಯ ಬಾಡಿಗೆ ಕರಾರಿನಲ್ಲಿ. ಮೊದಲನೆಯ ಕಡೆ ತಪ್ಪಿದರೆ ಕೈಕಾಲಿಗೆ ಅಪಾಯ, ಎರಡನೆಯ ಕಡೆ ತಪ್ಪಿದರೆ ಮೇಲಧಿಕಾರಿಯ ಅಸಮಾಧಾನ, ಮೂರನೆಯ ಕಡೆ ತಪ್ಪಿದರೆ ಮುಂಗಡದ ಹಣಕ್ಕೆ ಕತ್ತರಿ. ಆದ್ದರಿಂದ ಇದನ್ನು ಸಾವಕಾಶವಾಗಿ ಕಲಿಯೋಣ.

1. ಪದದ ರೂಪಗಳು

‘ವೇರ್’ ಎಂಬುದರ ಅಕ್ಷರಗಳು ಡಬ್ಲ್ಯು, ಇ, ಎ, ಆರ್. ಇದರ ಮೊದಲ ಅರ್ಥ ‘ತೊಡು, ಉಡು, ಹಾಕಿಕೊ’ ಎಂದು. ಭೂತಕಾಲದಲ್ಲಿ ಇದು ‘ವೋರ್’ ಆಗುತ್ತದೆ: ಡಬ್ಲ್ಯು, ಒ, ಆರ್, ಇ. ‘ಹ್ಯಾಸ್’, ‘ಹ್ಯಾವ್’, ‘ಈಸ್’ ಮುಂತಾದವುಗಳ ಜೊತೆಯಲ್ಲಿ ‘ವೋರ್ನ್’ ಆಗುತ್ತದೆ: ಡಬ್ಲ್ಯು, ಒ, ಆರ್, ಎನ್. ‘ವೇರ್ಡ್’ ಎಂಬ ರೂಪ ಇಂದಿನ ಇಂಗ್ಲಿಷಿನಲ್ಲಿ ಇಲ್ಲ. ಅನೇಕರು ‘ವೇರ್ಡ್ ಔಟ್’ ಎಂದು ಬರೆಯುವುದುಂಟು, ಅದನ್ನು ಬಿಡತಕ್ಕದ್ದು.

ಕಾಗುಣಿತದಲ್ಲಿ ಎರಡು ಎಚ್ಚರಿಕೆಗಳು ಬೇಕು. ‘ಎಲ್ಲಿ?’ ಎಂದು ಕೇಳುವ ‘ವೇರ್’ ಪದವೂ ಕಿವಿಗೆ ಹೀಗೆಯೇ ಕೇಳುತ್ತದೆ, ಆದರೆ ಅದರ ಅಕ್ಷರಗಳು ಬೇರೆ. ಅದರಲ್ಲಿ ಎಚ್ ಇದೆ. ಇನ್ನೊಂದು, ‘ಎಚ್ಚರಿಕೆ ಕೊಡು’ ಎಂಬ ಅರ್ಥದ ‘ವಾರ್ನ್’. ಇದರ ಉಚ್ಚಾರವೂ ‘ವೋರ್ನ್’ ಎಂಬುದರ ಉಚ್ಚಾರವೂ ಬಹುಮಟ್ಟಿಗೆ ಒಂದೇ. ನಡುವಿನ ಅಕ್ಷರ ಎ ಆದರೆ ಎಚ್ಚರಿಕೆ, ಒ ಆದರೆ ಸವೆತ. ‘ಬೆಲ್ಟು ಸವೆದಿದೆ’ ಎಂದು ಬರೆಯಹೋಗಿ ಎ ಅಕ್ಷರವನ್ನು ಹಾಕಿದರೆ ಬೆಲ್ಟಿಗೆ ಯಾರೋ ಎಚ್ಚರಿಕೆ ಕೊಟ್ಟಂತಾಗುತ್ತದೆ.

ಉಡುವ ಪದಕ್ಕೆ ಸವೆಯುವ ಅರ್ಥ ಹೇಗೆ ಬಂತೆಂದು ಕೇಳಬಹುದು. ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ವೆರಿಯನ್’ ಎಂಬ ಧಾತು ಇತ್ತು. ಅದಕ್ಕೆ ಉಡುವುದು, ಹೊದೆಯುವುದು ಎಂದಷ್ಟೇ ಅರ್ಥ. ಉಟ್ಟ ಬಟ್ಟೆ ಉಟ್ಟಂತೆಲ್ಲ ಸವೆಯುತ್ತದೆ. ಹೀಗೆ ಬಟ್ಟೆಯಿಂದ ಹುಟ್ಟಿದ ಎರಡನೆಯ ಅರ್ಥವು ಕ್ರಮೇಣ ಕಲ್ಲಿಗೂ ಕಬ್ಬಿಣಕ್ಕೂ ಮನುಷ್ಯನಿಗೂ ಹರಡಿತು. ಇಷ್ಟನ್ನು ನೆನಪಿನಲ್ಲಿಟ್ಟರೆ ಪದವು ಮರೆಯುವುದಿಲ್ಲ. ಬಳಕೆಯಿಂದ, ದಿನದಿನದ ತಿಕ್ಕಾಟದಿಂದ, ನಿಧಾನವಾಗಿ ಆಗುವ ಹಾನಿಗೆ ಮಾತ್ರ ಈ ಮಾತು ಸಲ್ಲುತ್ತದೆ.

2. ‘ಔಟ್’ ಎಂದರೆ ಇಲ್ಲಿ ‘ಹೊರಗೆ’ ಅಲ್ಲ

ನಮ್ಮವರಿಗೆ ಕಷ್ಟವಾಗುವುದು ‘ಔಟ್’. ಶಾಲೆಯಲ್ಲಿ ‘ಔಟ್’ ಎಂದರೆ ಹೊರಗೆ ಎಂದು ಕಲಿತಿರುತ್ತೇವೆ. ‘ತೊಡು’ ಮತ್ತು ‘ಹೊರಗೆ’ ಸೇರಿ ‘ಸವೆ’ ಹೇಗಾಯಿತು? ಇದಕ್ಕೆ ಉತ್ತರ ನಮ್ಮ ಕನ್ನಡದಲ್ಲಿಯೇ ಇದೆ.

ನಾವು ‘ಚಪ್ಪಲಿ ಸವೆಯಿತು’ ಎನ್ನುತ್ತೇವೆ; ‘ಚಪ್ಪಲಿ ಸವೆದುಹೋಯಿತು’ ಎಂದೂ ಎನ್ನುತ್ತೇವೆ. ಎರಡನೆಯದರಲ್ಲಿ ಚಪ್ಪಲಿ ಎಲ್ಲಿಗೂ ಹೋಗಲಿಲ್ಲ, ಕಾಲಲ್ಲಿಯೇ ಇದೆ. ‘ಹೋಗು’ ಎಂಬ ಕ್ರಿಯಾಪದವು ಇಲ್ಲಿ ತನ್ನ ಸ್ವಂತ ಅರ್ಥವನ್ನು ಬಿಟ್ಟು, ‘ಕೆಲಸವು ಕೊನೆ ಮುಟ್ಟಿತು, ಇನ್ನು ಉಳಿದಿಲ್ಲ’ ಎಂಬ ಭಾವವನ್ನು ಕೊಡುತ್ತದೆ. ಕಲಬುರಗಿಯ ಕಡೆಯವರು ‘ಸವದು ಹೋಗ್ಯಾದ’ ಎನ್ನುವಾಗಲೂ ಇದೇ. ಪಕ್ಕದ ಭಾಷೆಗಳನ್ನು ಕೇಳಿರಿ. ತೆಲುಗಿನ ಫಿಟ್ಟರ್ ‘ಅರಿಗಿಪೋಯಿಂದಿ’ ಎನ್ನುತ್ತಾನೆ. ಅಲ್ಲಿಯೂ ‘ಪೋ’ ಎಂದರೆ ಹೋಗು. ಹಿಂದಿಯವನು ‘ಘಿಸ್ ಗಯಾ’ ಎನ್ನುತ್ತಾನೆ, ಅಲ್ಲಿಯೂ ಹೋಗುವುದೇ. ದಣಿವಿಗೂ ಇದೇ ಕಟ್ಟು: ಕನ್ನಡದಲ್ಲಿ ‘ದಣಿದುಹೋದೆ’, ತೆಲುಗಿನಲ್ಲಿ ‘ಅಲಸಿಪೋಯಾನು’, ಹಿಂದಿಯಲ್ಲಿ ‘ಥಕ್ ಗಯಾ’.

ನಮ್ಮ ‘ಹೋಗು’ ಮಾಡುವ ಕೆಲಸವನ್ನೇ ಇಂಗ್ಲಿಷಿನ ‘ಔಟ್’ ಮಾಡುತ್ತದೆ. ‘ವೇರ್’ ಎಂದರೆ ಸವೆ. ‘ವೇರ್ ಔಟ್’ ಎಂದರೆ ಸವೆದುಹೋಗು. ‘ಟೈರ್’ ಎಂದರೆ ದಣಿ. ‘ಟೈರ್ ಔಟ್’ ಎಂದರೆ ಪೂರಾ ದಣಿದುಹೋಗು ಅಥವಾ ದಣಿಸಿಬಿಡು. ‘ರನ್ ಔಟ್’ ಎಂದರೆ ತೀರಿಹೋಗು, ಮುಗಿದುಹೋಗು. ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಕನ್ನಡಿಸಿದರೆ ಅರ್ಥ ಕೆಡುತ್ತದೆ. ಜೋಡಿಯನ್ನು ಜೋಡಿಯಾಗಿಯೇ ಕಲಿಯಬೇಕು.

ಇಲ್ಲಿಂದ ಒಂದು ಮುಖ್ಯ ವ್ಯತ್ಯಾಸ ಹೊರಡುತ್ತದೆ. ‘ವೋರ್ನ್’ ಎಂದರೆ ಸವೆದಿದೆ, ಆದರೆ ಇನ್ನೂ ಬಳಸಬಹುದು. ‘ವೋರ್ನ್ ಔಟ್’ ಎಂದರೆ ಸವೆದು ಇನ್ನು ಬಳಕೆಗೆ ಬಾರದಂತಾಗಿದೆ. ಒಂದರಲ್ಲಿ ‘ಗಮನಿಸಿರಿ’ ಎಂಬ ಸೂಚನೆ, ಇನ್ನೊಂದರಲ್ಲಿ ‘ಬದಲಾಯಿಸಿರಿ’ ಎಂಬ ಸೂಚನೆ. ‘ಔಟ್’ ಎಂಬ ಮೂರು ಅಕ್ಷರಗಳನ್ನು ಬಿಟ್ಟರೆ ಮಾತಿನ ಬಲವೇ ಅರ್ಧವಾಗುತ್ತದೆ.

3. ಸವೆಯುವುದು ಮತ್ತು ಸವೆಸುವುದು

ಕನ್ನಡದಲ್ಲಿ ತಾನಾಗಿ ಆಗುವುದಕ್ಕೆ ‘ಸವೆ’, ಮಾಡುವುದಕ್ಕೆ ‘ಸವೆಸು’ ಎಂದು ಎರಡು ರೂಪಗಳಿವೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ವೇರ್ ಔಟ್’ ಒಂದೇ. ವಾಕ್ಯದ ಕಟ್ಟಿನಿಂದ ಭೇದವನ್ನು ತಿಳಿಯಬೇಕು.

ದಿ ಟಯರ್ಸ್ ವೇರ್ ಔಟ್ ಕ್ವಿಕ್ಲಿ. ಟಯರುಗಳು ಬೇಗ ಸವೆದುಹೋಗುತ್ತವೆ.

ಬ್ಯಾಡ್ ರೋಡ್ಸ್ ವೇರ್ ಔಟ್ ದಿ ಟಯರ್ಸ್. ಕೆಟ್ಟ ರಸ್ತೆಗಳು ಟಯರುಗಳನ್ನು ಸವೆಸಿಹಾಕುತ್ತವೆ.

ಎರಡನೆಯ ವಾಕ್ಯದಲ್ಲಿ ಕರ್ಮಪದವನ್ನು ‘ಔಟ್’ ಆದ ಮೇಲೂ ಇಡಬಹುದು, ನಡುವೆಯೂ ಇಡಬಹುದು. ‘ವೇರ್ ಔಟ್ ದಿ ಟಯರ್ಸ್’ ಎಂದರೂ ಸರಿ, ‘ವೇರ್ ದಿ ಟಯರ್ಸ್ ಔಟ್’ ಎಂದರೂ ಸರಿ. ಆದರೆ ಕರ್ಮವು ‘ಇಟ್’, ‘ದೆಮ್’, ‘ಮಿ’, ‘ಹಿಮ್’ ಎಂಬಂಥ ಸರ್ವನಾಮವಾದರೆ ಅದು ನಡುವೆಯೇ ಬರತಕ್ಕದ್ದು. ‘ವೇರ್ ದೆಮ್ ಔಟ್’ ಸರಿ. ‘ವೇರ್ ಔಟ್ ದೆಮ್’ ತಪ್ಪು. ಈ ನಿಯಮವು ಇಂಥ ಇನ್ನೂ ಅನೇಕ ಜೋಡಿಗಳಿಗೆ ಸಲ್ಲುವುದರಿಂದ ಬಾಯಿಪಾಠ ಮಾಡಿಕೊಳ್ಳಿರಿ.

ದಿಸ್ ನೈಟ್ ಶಿಫ್ಟ್ ವೇರ್ಸ್ ಮಿ ಔಟ್. ಈ ರಾತ್ರಿ ಪಾಳಿ ನನ್ನನ್ನು ಹೈರಾಣ ಮಾಡುತ್ತದೆ.

4. ಯಂತ್ರದ ಪುಸ್ತಕದಲ್ಲಿ

ಕಾರ್ಖಾನೆಯ ದೋಷದ ಪುಸ್ತಕದಲ್ಲಿ ನಮ್ಮವರು ಸಾಮಾನ್ಯವಾಗಿ ಬರೆಯುವುದು ‘ರೋಪ್ ಪ್ರಾಬ್ಲಂ’, ‘ಬೆಲ್ಟ್ ನಾಟ್ ಗುಡ್’, ‘ಬೇರಿಂಗ್ ಡ್ಯಾಮೇಜ್’ ಎಂದು. ಇದರಿಂದ ಓದುವವರಿಗೆ ಏನೂ ತಿಳಿಯದು. ಹಾನಿಯ ಬಗೆಗಳು ನಾಲ್ಕು ಉಂಟು. ನಾಲ್ಕಕ್ಕೂ ಬೇರೆ ಬೇರೆ ಮಾತುಗಳಿವೆ.

‘ವೋರ್ನ್’: ಬಳಕೆಯಿಂದ ಸವೆದಿದೆ. ‘ವೋರ್ನ್ ಔಟ್’: ಸವೆದುಹೋಗಿದೆ, ಬದಲಾಯಿಸಬೇಕು. ‘ಬ್ರೋಕನ್’: ಮುರಿದಿದೆ ಅಥವಾ ತುಂಡಾಗಿದೆ. ‘ಡ್ಯಾಮೇಜ್ಡ್’: ಪೆಟ್ಟು, ನೀರು, ಬೆಂಕಿ, ತಪ್ಪು ಬಳಕೆ ಮುಂತಾದವುಗಳಿಂದ ಕೆಟ್ಟಿದೆ.

ಈ ಭೇದದಲ್ಲಿ ಕೆಲಸಗಾರನ ಹಿತವೇ ಅಡಗಿದೆ. ಸವೆತ ಕಾಲಧರ್ಮ, ಅದು ಯಾರ ತಪ್ಪೂ ಅಲ್ಲ. ‘ಡ್ಯಾಮೇಜ್ಡ್’ ಎಂದು ಬರೆದೊಡನೆ ‘ಯಾರು ಮಾಡಿದರು?’ ಎಂಬ ಪ್ರಶ್ನೆ ಏಳುತ್ತದೆ. ನಿಮ್ಮ ಪಾಳಿಯಲ್ಲಿ ಸವೆದ ಭಾಗವನ್ನು ಕಂಡು ಅದನ್ನು ‘ಡ್ಯಾಮೇಜ್ಡ್’ ಎಂದು ಬರೆದರೆ ಆ ಪ್ರಶ್ನೆಗೆ ನೀವೇ ಉತ್ತರ ಹೇಳಬೇಕಾದೀತು.

ಭಾರ ಎತ್ತುವ ಸರಪಳಿ, ಹಗ್ಗ, ಕೊಕ್ಕೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಭಾರ ಎತ್ತುವ ಯಂತ್ರವನ್ನೂ ಅದರ ಸರಪಳಿ ಹಗ್ಗಗಳನ್ನೂ ಹನ್ನೆರಡು ತಿಂಗಳಿಗೆ ಒಮ್ಮೆಯಾದರೂ ಅರ್ಹನಾದ ಪರೀಕ್ಷಕನು ಕೂಲಂಕಷವಾಗಿ ಪರೀಕ್ಷಿಸಬೇಕೆಂಬ ನಿಯಮವು 1948ರ ಫ್ಯಾಕ್ಟರಿ ಕಾಯಿದೆಯ 29ನೆಯ ಕಲಮಿನಲ್ಲಿಯೇ ಬಂದಿತು. ಆದರೆ ವರ್ಷಕ್ಕೊಮ್ಮೆ ಬರುವ ಪರೀಕ್ಷಕನಿಗಿಂತ ದಿನವೂ ಹಗ್ಗದ ಕೆಳಗೆ ನಿಲ್ಲುವವನ ಕಣ್ಣು ಮೊದಲು ಕಾಣುತ್ತದೆ. ಅವನು ಕಂಡದ್ದನ್ನು ಹೀಗೆ ಬರೆಯಬೇಕು:

ದಿ ವೈರ್ ರೋಪ್ ಆಫ್ ಹಾಯ್ಸ್ಟ್ ನಂಬರ್ ಟೂ ಈಸ್ ವೋರ್ನ್ ಔಟ್. ಥ್ರೀ ವೈರ್ಸ್ ಆರ್ ಬ್ರೋಕನ್ ನಿಯರ್ ದಿ ಹುಕ್. ಇಟ್ ಈಸ್ ನಾಟ್ ಸೇಫ್ ಟು ಯೂಸ್.

ಯಾವ ಯಂತ್ರ, ಯಾವ ಭಾಗ, ಯಾವ ಸ್ಥಿತಿ, ಎಲ್ಲಿ, ಎಷ್ಟು, ಏನು ಅಪಾಯ ಎಂಬುದೆಲ್ಲ ಮೂರು ಚಿಕ್ಕ ವಾಕ್ಯಗಳಲ್ಲಿ ಬಂದಿತು. ಕೆಳಗೆ ತಾರೀಖು, ವೇಳೆ, ರುಜು ಹಾಕಿರಿ. ಹೀಗೆ ಬರೆದ ಮೇಲೆ ‘ನಮಗೆ ತಿಳಿಸಲಿಲ್ಲ’ ಎಂದು ಯಾರೂ ಹೇಳುವಂತಿಲ್ಲ.

ಒಂದು ವಸ್ತು ಎಷ್ಟು ಸವೆದರೆ ‘ವೋರ್ನ್ ಔಟ್’ ಎನ್ನಬೇಕು? ಅನೇಕ ವಸ್ತುಗಳಿಗೆ ಇದರ ಅಳತೆಯೂ ಉಂಟು. ಕಾರಿನ ಟಯರಿನ ಪಕ್ಕದಲ್ಲಿ ಟಿ, ಡಬ್ಲ್ಯು, ಐ ಎಂಬ ಅಕ್ಷರಗಳನ್ನು ನೋಡಿರಿ. ‘ಟ್ರೆಡ್ ವೇರ್ ಇಂಡಿಕೇಟರ್’ ಎಂಬುದರ ಮೊದಲಕ್ಷರಗಳಿವು. ನಡುವಿನ ‘ವೇರ್’ ನಮ್ಮ ಪಾಠದ ಪದವೇ. ಆ ಗುರುತಿನ ನೇರಕ್ಕೆ ಟಯರಿನ ಕಾಲುವೆಯ ತಳದಲ್ಲಿ ಸಣ್ಣ ದಿಂಡು ಇರುತ್ತದೆ. ಕಾಲುವೆಯ ಆಳ 1.6 ಮಿಲಿಮೀಟರಿಗೆ ಇಳಿದಾಗ ಟಯರಿನ ಮೈ ಆ ದಿಂಡಿಗೆ ಸಮನಾಗುತ್ತದೆ. ಆಗ ಟಯರಿನ ಕಾಲ ಮುಗಿಯಿತೆಂದು ತಿಳಿಯಬೇಕು. ಲೇತ್ ಮೇಲೆ ಕೆಲಸ ಮಾಡುವವರಿಗೆ ‘ಟೂಲ್ ವೇರ್’ ಪರಿಚಿತ ಮಾತು. ಕತ್ತರಿಸುವ ವೇಗ ಹೆಚ್ಚಿದಷ್ಟೂ ಉಳಿಯ ಆಯುಷ್ಯ ಕಡಿಮೆಯಾಗುವ ಲೆಕ್ಕವನ್ನು ಅಮೆರಿಕದ ಎಂಜಿನಿಯರ್ ಎಫ್. ಡಬ್ಲ್ಯು. ಟೇಲರ್ 1907ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕೊಟ್ಟನು. ಉಳಿಯ ಪಕ್ಕದ ಸವೆತ ಸರಾಸರಿ 0.3 ಮಿಲಿಮೀಟರ್ ಆದಾಗ ಅದರ ಆಯುಷ್ಯ ಮುಗಿಯಿತೆಂದು ಎಣಿಸುವುದು ಇಂದಿನ ಅಂತರರಾಷ್ಟ್ರೀಯ ಮಾನದ ಒಂದು ಅಳತೆ. ಬಾಲಾನಗರದಲ್ಲಿ 1968ರಲ್ಲಿ ಸ್ಥಾಪಿತವಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಸಂಸ್ಥೆಯಂಥ ಕಡೆ ಹುಡುಗರು ಕಲಿಯುವ ವಿದ್ಯೆಯಲ್ಲಿ ಇಂಥ ಸವೆತದ ಲೆಕ್ಕವೂ ಒಂದು.

ಗುಮಾಸ್ತರಿಗೆ ಇಲ್ಲೊಂದು ಮಾತು. ಲೆಕ್ಕಪತ್ರದಲ್ಲಿ ಯಂತ್ರದ ಬೆಲೆಯಿಂದ ವರ್ಷವರ್ಷ ಕಳೆಯುವ ‘ಡಿಪ್ರಿಸಿಯೇಶನ್’ ಎಂಬುದಕ್ಕೆ ಕನ್ನಡದಲ್ಲಿ ‘ಸವಕಳಿ’ ಎಂಬ ಪದವಿದೆ. ಅದು ಹಣದ ಲೆಕ್ಕದ ಸವೆತ. ‘ವೇರ್’ ವಸ್ತುವಿನ ಸವೆತ. ಲೆಕ್ಕದಲ್ಲಿ ಬೆಲೆ ಪೂರಾ ಕಳೆದ ಯಂತ್ರ ಗಟ್ಟಿಮುಟ್ಟಾಗಿ ಓಡುತ್ತಿರಬಹುದು. ಎರಡನ್ನೂ ಬೆರೆಸಬಾರದು.

5. ರಜೆಯ ಅರ್ಜಿಯಲ್ಲಿ

ಮನುಷ್ಯನ ದಣಿವಿಗೆ ಹೇಳುವಾಗ ‘ಐ ಆಮ್ ವೋರ್ನ್ ಔಟ್’ ಎಂಬುದೇ ಸರಿಯಾದ ವಾಕ್ಯ: ನಾನು ಪೂರಾ ದಣಿದಿದ್ದೇನೆ. ‘ಐ ಹ್ಯಾವ್ ವೋರ್ನ್ ಔಟ್’ ಎಂದು ನಿಲ್ಲಿಸಿದರೆ ಕೇಳುವವನು ‘ಏನನ್ನು ಸವೆಸಿದೆ?’ ಎಂದು ಕಾಯುತ್ತಾನೆ. ‘ಐ ಹ್ಯಾವ್ ವೋರ್ನ್ ಔಟ್ ಮೈ ಶೂಸ್’ ಎಂದರೆ ಮಾತ್ರ ಅದು ಮುಗಿಯುತ್ತದೆ. ‘ಐ ಆಮ್ ವೇರಿಂಗ್’ ಎಂದು ನಿಲ್ಲಿಸಿದರೆ ನಾನು ತೊಟ್ಟುಕೊಂಡಿದ್ದೇನೆ ಎಂದಾಗುತ್ತದೆ. ವಸ್ತುವಿಗಾದರೆ ‘ದಿ ಬೆಲ್ಟ್ ಹ್ಯಾಸ್ ವೋರ್ನ್ ಔಟ್’, ‘ದಿ ಬೆಲ್ಟ್ ಈಸ್ ವೋರ್ನ್ ಔಟ್’ ಎರಡೂ ಸಾಧು.

ಆದರೆ ‘ವೋರ್ನ್ ಔಟ್’ ಸ್ನೇಹಿತರ ನಡುವಿನ ಮಾತು. ಅರ್ಜಿಯಲ್ಲಿ ‘ಎಕ್ಸಾಸ್ಟೆಡ್’ ಎಂಬ ಪದ ಹೆಚ್ಚು ಮರ್ಯಾದೆಯದು. ಅದಕ್ಕಿಂತಲೂ ಒಳ್ಳೆಯದು, ದಣಿವಿನ ಕಾರಣವನ್ನೇ ಲೆಕ್ಕದೊಡನೆ ಬರೆಯುವುದು.

ಐ ವರ್ಕ್ಡ್ ಡಬಲ್ ಶಿಫ್ಟ್ಸ್ ಆನ್ ಸ್ಯಾಟರ್‌ಡೇ ಅಂಡ್ ಸಂಡೇ. ಐ ಹ್ಯಾವ್ ಹ್ಯಾಡ್ ಫೀವರ್ ಸಿನ್ಸ್ ಲಾಸ್ಟ್ ನೈಟ್. ಐ ರಿಕ್ವೆಸ್ಟ್ ಯು ಟು ಗ್ರಾಂಟ್ ಮಿ ಲೀವ್ ಫಾರ್ ಟುಡೇ.

‘ಸುಸ್ತಾಗಿದೆ’ ಎಂಬುದನ್ನು ಅಧಿಕಾರಿಯು ನಂಬಬಹುದು, ಬಿಡಬಹುದು. ಎರಡು ದಿನ ಎರಡೆರಡು ಪಾಳಿ ಮಾಡಿದ್ದು ಹಾಜರಿ ಪುಸ್ತಕದಲ್ಲಿಯೇ ಇದೆ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಎಷ್ಟೋ ಮಂದಿ ಅದರಲ್ಲಿ ಬೀಳುತ್ತಾರೆ. ‘ಐ ಆಮ್ ಟಯರ್ಡ್ ಆಫ್ ನೈಟ್ ಡ್ಯೂಟಿ’ ಎಂದು ಬರೆದರೆ ‘ರಾತ್ರಿ ಕೆಲಸದಿಂದ ದಣಿದಿದ್ದೇನೆ’ ಎಂದಾಗುವುದಿಲ್ಲ. ‘ರಾತ್ರಿ ಕೆಲಸವೆಂದರೆ ನನಗೆ ಬೇಸರ ಬಂದುಹೋಗಿದೆ’ ಎಂದಾಗುತ್ತದೆ. ‘ಆಫ್’ ಬಂದರೆ ಬೇಸರ. ‘ಫ್ರಮ್’ ಬಂದರೆ ದಣಿವು. ವಿಶ್ರಾಂತಿ ಕೇಳಹೋದವನು ಕೆಲಸವನ್ನೇ ಜರೆದಂತೆ ಆಗುವುದು ಈ ಒಂದು ಪದದಿಂದ. ‘ಟಯರ್ಡ್ ಔಟ್’, ‘ಟಯರ್ಡ್ ಫ್ರಮ್ ದಿ ನೈಟ್ ಡ್ಯೂಟಿ’ ಇವೆರಡೂ ನಿರಪಾಯ.

6. ಬಾಡಿಗೆ ಕರಾರಿನಲ್ಲಿ

ಮನೆ ಬಾಡಿಗೆಗೆ ಹಿಡಿದವರು ಕರಾರಿನಲ್ಲಿ ‘ನಾರ್ಮಲ್ ವೇರ್ ಅಂಡ್ ಟೇರ್ ಎಕ್ಸೆಪ್ಟೆಡ್’ ಎಂಬ ಮಾತನ್ನು ಕಾಣಬಹುದು. ಟಿ, ಇ, ಎ, ಆರ್ ಎಂಬ ಅಕ್ಷರಗಳನ್ನು ಇಲ್ಲಿ ‘ಟೇರ್’ ಎಂದು ಓದಬೇಕು. ‘ಟಿಯರ್’ ಎಂದು ಓದಿದರೆ ಕಣ್ಣೀರಾಗುತ್ತದೆ. ‘ಟೇರ್’ ಎಂದರೆ ಹರಿ. ಸವೆಯುವುದು, ಹರಿಯುವುದು ಎರಡೂ ಸೇರಿ ‘ವಾಸದಿಂದ ಸಹಜವಾಗಿ ಆಗುವ ಹಳೆತನ’ ಎಂಬ ಅರ್ಥ ಬಂತು. ‘ಎಕ್ಸೆಪ್ಟೆಡ್’ ಎಂದರೆ ಅದನ್ನು ಬಿಟ್ಟು. ‘ಅಕ್ಸೆಪ್ಟೆಡ್’, ಅಂದರೆ ಒಪ್ಪಿದೆ ಎಂಬ ಪದದೊಡನೆ ಇದನ್ನು ಬೆರೆಸಬೇಡಿರಿ.

ಈ ಮಾತಿಗೆ ಕಾನೂನಿನ ಬೆಂಬಲವೂ ಉಂಟು. 1882ರ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಕಾಯಿದೆ, ಅಂದರೆ ಸ್ವತ್ತು ವರ್ಗಾವಣೆಯ ಕಾಯಿದೆಯ 108ನೆಯ ಕಲಮಿನಲ್ಲಿ ಬಾಡಿಗೆದಾರನ ಕರ್ತವ್ಯಗಳನ್ನು ಹೇಳಿದೆ. ಸ್ವತ್ತು ತನ್ನ ವಶಕ್ಕೆ ಬಂದಾಗ ಎಷ್ಟು ಒಳ್ಳೆಯ ಸ್ಥಿತಿಯಲ್ಲಿತ್ತೋ ಅಷ್ಟೇ ಒಳ್ಳೆಯ ಸ್ಥಿತಿಯಲ್ಲಿ ಅದನ್ನು ಅವನು ಹಿಂತಿರುಗಿಸಬೇಕು. ಆದರೆ ನ್ಯಾಯವಾದ ಸವೆತದಿಂದ ಆದ ಮತ್ತು ಮನುಷ್ಯನು ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗಳಿಗೆ ಅವನು ಹೊಣೆಯಲ್ಲ ಎಂಬುದು ಅದರ ತಾತ್ಪರ್ಯ. ಕರಾರಿನಲ್ಲಿ ಬೇರೆ ಷರತ್ತು ಬರೆದಿದ್ದರೆ ಆ ಷರತ್ತು ಮುಂದಾಗುತ್ತದೆ. ಆದ್ದರಿಂದ ರುಜು ಹಾಕುವ ಮೊದಲೇ ಓದಿಸಿ ತಿಳಿಯಬೇಕು.

ಉದಾಹರಣೆಗೆ, ಮೂರು ವರ್ಷ ವಾಸ ಮಾಡಿದ ಮನೆಯ ಸುಣ್ಣಬಣ್ಣ ಮಾಸುವುದು, ಬಾಗಿಲ ಬಳಿಯ ನೆಲದ ಹೊಳಪು ಕುಂದುವುದು, ನಲ್ಲಿಯ ವಾಷರ್ ಸವೆಯುವುದು ಸಹಜ ಸವೆತ. ಕೈತೊಳೆಯುವ ಬೇಸಿನ್ ಒಡೆಯುವುದು, ಕಿಟಕಿಯ ಗಾಜು ಒಡೆಯುವುದು ಸವೆತವಲ್ಲ, ಅದು ‘ಡ್ಯಾಮೇಜ್’. ಮನೆ ಬಿಡುವಾಗ ಮುಂಗಡದ ಹಣದಲ್ಲಿ ಬಣ್ಣದ ಖರ್ಚು ಹಿಡಿದುಕೊಳ್ಳುವ ಮಾತು ಬಂದರೆ, ಜಗಳಕ್ಕೆ ಹೋಗದೆ ಕರಾರನ್ನು ತೆರೆದು ಈ ಸಾಲನ್ನು ತೋರಿಸಿರಿ. ಚೀಟಿ ಬರೆಯುವುದಾದರೆ ಹೀಗೆ ಬರೆಯಬಹುದು:

ದಿ ಪೇಂಟ್ ಹ್ಯಾಸ್ ಫೇಡೆಡ್ ಥ್ರೂ ನಾರ್ಮಲ್ ವೇರ್ ಅಂಡ್ ಟೇರ್. ವಿ ಹ್ಯಾವ್ ನಾಟ್ ಡ್ಯಾಮೇಜ್ಡ್ ದಿ ವಾಲ್ಸ್.

ಕರಾರಿನಲ್ಲಿ ಈ ಸಾಲು ಇಲ್ಲವಾದರೆ ಸೇರಿಸಲು ಕೇಳಿರಿ. ಮನೆ ಹೊಕ್ಕ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಮಿಕ್ಸರ್, ಫ್ಯಾನುಗಳ ವಾರಂಟಿ ಚೀಟಿಯಲ್ಲಿಯೂ ಇದೇ ಮಾತು ಬರುತ್ತದೆ, ಆದರೆ ಅಲ್ಲಿ ಅದು ಕೊಂಡವನ ವಿರುದ್ಧ ಕೆಲಸ ಮಾಡುತ್ತದೆ: ಸಹಜ ಸವೆತಕ್ಕೆ ಕಂಪನಿ ಹೊಣೆಯಲ್ಲ ಎಂಬುದು ಅಲ್ಲಿನ ಅರ್ಥ.

7. ನೆರೆಹೊರೆಯ ಮಾತುಗಳು

‘ವೇರ್ ಔಟ್’ ಜೊತೆಗೆ ಗೊಂದಲವಾಗುವ ಕೆಲವು ಜೋಡಿಗಳನ್ನು ಇಲ್ಲಿ ಕೊಟ್ಟಿದ್ದೇವೆ.

ವೇರ್ ಆಫ್ (ಎರಡು ಎಫ್): ಮೇಲಿನ ಲೇಪವಾಗಲಿ ಔಷಧದ ಪ್ರಭಾವವಾಗಲಿ ಮೆಲ್ಲಗೆ ಇಳಿದುಹೋಗುವುದು. ಹಲ್ಲು ಕೀಳುವಾಗ ಕೊಟ್ಟ ಚುಚ್ಚುಮದ್ದಿನ ಮರಗಟ್ಟು ಬಿಡುವುದಕ್ಕೆ ಇದೇ ಮಾತು.

ವೇರ್ ಅವೇ: ತಿಕ್ಕಿ ತಿಕ್ಕಿ ಅಳಿಸಿಹೋಗುವುದು. ಹಳೆಯ ಕೋಟೆಯ ಕಲ್ಲುಮೆಟ್ಟಿಲು, ನಾಣ್ಯದ ಮೇಲಿನ ಅಕ್ಷರ ಹೀಗೆ ಸವೆಯುತ್ತವೆ.

ವೇರ್ ಡೌನ್: ಎತ್ತರ ಅಥವಾ ದಪ್ಪ ಕಡಿಮೆಯಾಗುತ್ತ ಬರುವುದು, ಚಪ್ಪಲಿಯ ಹಿಮ್ಮಡಿ ಹೀಗೆ. ಮನುಷ್ಯನಿಗೆ ಹೇಳಿದರೆ, ಬಿಡದೆ ಕಾಡಿ ಅವನ ಹಟವನ್ನು ತಗ್ಗಿಸುವುದು.

ಬ್ರೇಕ್ ಡೌನ್: ಯಂತ್ರ ಹಠಾತ್ತಾಗಿ ಕೆಟ್ಟು ನಿಲ್ಲುವುದು. ಸವೆತ ಇಲ್ಲದೆಯೂ ಇದು ಆಗಬಹುದು. ಸವೆದ ಭಾಗವನ್ನು ಬಿಟ್ಟರೆ ಕೊನೆಗೆ ಆಗುವುದೂ ಇದೇ.

ರನ್ ಡೌನ್: ಶಕ್ತಿ ಕುಂದುತ್ತ ಬರುವುದು. ಬ್ಯಾಟರಿ ‘ರನ್ ಡೌನ್’ ಆಗುತ್ತದೆ. ಊಟ ನಿದ್ದೆ ಸರಿಯಿಲ್ಲದೆ ಸೊರಗಿದ ಮನುಷ್ಯನಿಗೂ, ಪಾಳುಬಿದ್ದ ಕಟ್ಟಡಕ್ಕೂ, ಕುಗ್ಗಿದ ಉದ್ಯಮಕ್ಕೂ ಇದೇ ಮಾತು. ನಮ್ಮ ನೆರೆಯ ಐ.ಡಿ.ಪಿ.ಎಲ್. ಕಾಲೊನಿಯ ಹೆಸರು ಬಂದದ್ದು 1961ರಲ್ಲಿ ಸ್ಥಾಪಿತವಾದ ಸರ್ಕಾರಿ ಔಷಧ ಕಂಪನಿಯಿಂದ. ಆ ಕಂಪನಿಯನ್ನು 1992ರಲ್ಲಿ ರೋಗಗ್ರಸ್ತ ಉದ್ಯಮವೆಂದು ಸಾರಲಾಯಿತು. ಔಷಧ ಮಾಡುವ ಕಾರ್ಖಾನೆಗೇ ಹೀಗೆ ರೋಗ ಬಂದದ್ದನ್ನು ನೆನೆದರೆ ‘ರನ್ ಡೌನ್’ ಮರೆಯುವುದಿಲ್ಲ.

ಬರ್ನ್ ಔಟ್: ಬಲ್ಬಿನ ತಂತಿ, ಮೋಟಾರಿನ ಸುರುಳಿ ಸುಟ್ಟುಹೋಗುವುದು. ಮನುಷ್ಯನಿಗೆ ಈ ಮಾತನ್ನು ವೈದ್ಯಕೀಯ ಬರಹದಲ್ಲಿ ರೂಢಿಗೆ ತಂದವರಲ್ಲಿ ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಮುಖ್ಯನು. ಅವನ ಲೇಖನ ಬಂದದ್ದು 1974ರಲ್ಲಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ವರ್ಗೀಕರಣದಲ್ಲಿ ಇದನ್ನು ವಿವರಿಸಿತು. ಇದು ಕಾಯಿಲೆಯಲ್ಲ, ಕೆಲಸದ ಜಾಗದಲ್ಲಿ ಬಹುಕಾಲ ತೀರದೆ ಉಳಿದ ಒತ್ತಡದ ಫಲ ಎಂದು ಹೇಳಿ, ಅದರ ಲಕ್ಷಣಗಳನ್ನು ಮೂರಾಗಿ ಎಣಿಸಿತು: ಶಕ್ತಿಯೆಲ್ಲ ಬರಿದಾದಂತೆ ಅನಿಸುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೆಲಸ ಮಾಡುವ ಸಾಮರ್ಥ್ಯ ಕುಗ್ಗುವುದು. ಒಂದು ರಾತ್ರಿಯ ನಿದ್ದೆಯಿಂದ ಹೋಗುವುದು ‘ವೋರ್ನ್ ಔಟ್’. ತಿಂಗಳುಗಟ್ಟಲೆ ರಜೆ, ನಿದ್ದೆಗಳಿಂದಲೂ ಹೋಗದೆ ಉಳಿಯುವುದು ‘ಬರ್ನ್ಡ್ ಔಟ್’.

ಟಯರಿಗೆ 1.6 ಮಿಲಿಮೀಟರಿನ ದಿಂಡು ಇದೆ, ಉಳಿಗೆ 0.3 ಮಿಲಿಮೀಟರಿನ ಲೆಕ್ಕ ಇದೆ. ಮನುಷ್ಯನ ಮೈಮೇಲೆ ಅಂಥ ಗುರುತು ಯಾವುದೂ ಇಲ್ಲ. ಎಷ್ಟು ಸವೆದಿದ್ದೇವೆಂಬುದನ್ನು ನಾವೇ ನೋಡಿ ನಾವೇ ಹೇಳಬೇಕು. ಊರಿಗೆ ಹಣ ಕಳುಹಿಸಬೇಕೆಂದು ಮೂರು ವಾರ ಬಿಡುವಿಲ್ಲದೆ ಹೆಚ್ಚಿನ ಪಾಳಿ ಮಾಡುವವರು ನಮ್ಮಲ್ಲಿ ಅನೇಕರಿದ್ದಾರೆ. ಅರ್ಧ ನಿದ್ದೆಯಲ್ಲಿ ಪ್ರೆಸ್ ಯಂತ್ರದ ಮುಂದೆ ನಿಲ್ಲುವುದು ಸವೆದ ಹಗ್ಗದ ಕೆಳಗೆ ನಿಲ್ಲುವುದಕ್ಕಿಂತ ಕಡಿಮೆ ಅಪಾಯವಲ್ಲ. ಹಗ್ಗದ ಸ್ಥಿತಿಯನ್ನು ಬರೆಯಲು ಕಲಿತಂತೆ ನಮ್ಮ ಸ್ಥಿತಿಯನ್ನು ಹೇಳಲೂ ಕಲಿಯಬೇಕು. ಅದರಲ್ಲಿ ನಾಚಿಕೆ ಏನೂ ಇಲ್ಲ.

8. ಅಭ್ಯಾಸ

ಉತ್ತರಗಳನ್ನು ನೋಡುವ ಮೊದಲು ಹಾಳೆಯ ಮೇಲೆ ನೀವೇ ಬರೆದುಕೊಳ್ಳಿರಿ. ಒಂದರಿಂದ ನಾಲ್ಕರ ವರೆಗಿನವನ್ನು ಇಂಗ್ಲಿಷಿಗೆ ತಿರುಗಿಸಿರಿ. ಐದರಿಂದ ಎಂಟರ ವರೆಗಿನ ತಪ್ಪುಗಳನ್ನು ತಿದ್ದಿರಿ.

(1) ನನ್ನ ಚಪ್ಪಲಿಗಳು ಸವೆದುಹೋಗಿವೆ.
(2) ಈ ಕೆಲಸ ನಮ್ಮನ್ನು ದಣಿಸಿಬಿಡುತ್ತದೆ.
(3) ಬೆಲ್ಟು ಸವೆದಿದೆ, ಆದರೆ ಇನ್ನೂ ಬಳಸಬಹುದು.
(4) ಬ್ಯಾಟರಿಯ ಶಕ್ತಿ ಕುಂದಿದೆ.
(5) ದಿ ಬೇರಿಂಗ್ ಹ್ಯಾಸ್ ವೇರ್ಡ್ ಔಟ್.
(6) ದಿ ಗ್ಲೌಸ್ ಆರ್ ನ್ಯೂ. ಡು ನಾಟ್ ವೇರ್ ಔಟ್ ದೆಮ್.
(7) ಐ ವರ್ಕ್ಡ್ ಟ್ವೆಲ್ವ್ ಅವರ್ಸ್ ಅಂಡ್ ಐ ಹ್ಯಾವ್ ವೋರ್ನ್ ಔಟ್.
(8) ವಿಶ್ರಾಂತಿ ಕೇಳುವವನ ಅರ್ಜಿ: ಐ ಆಮ್ ಟಯರ್ಡ್ ಆಫ್ ಮೈ ಡ್ಯೂಟಿ.

ಉತ್ತರಗಳು

(1) ಮೈ ಚಪ್ಪಲ್ಸ್ ಹ್ಯಾವ್ ವೋರ್ನ್ ಔಟ್. ‘ಆರ್ ವೋರ್ನ್ ಔಟ್’ ಎಂದರೂ ಸರಿ.
(2) ದಿಸ್ ವರ್ಕ್ ವೇರ್ಸ್ ಅಸ್ ಔಟ್. ಸರ್ವನಾಮ ನಡುವೆ ಬಂದುದನ್ನು ಗಮನಿಸಿರಿ.
(3) ದಿ ಬೆಲ್ಟ್ ಈಸ್ ವೋರ್ನ್, ಬಟ್ ಇಟ್ ಕ್ಯಾನ್ ಸ್ಟಿಲ್ ಬಿ ಯೂಸ್ಡ್. ಇಲ್ಲಿ ‘ಔಟ್’ ಬರಕೂಡದು.
(4) ದಿ ಬ್ಯಾಟರಿ ಹ್ಯಾಸ್ ರನ್ ಡೌನ್.
(5) ದಿ ಬೇರಿಂಗ್ ಹ್ಯಾಸ್ ವೋರ್ನ್ ಔಟ್.
(6) ಡು ನಾಟ್ ವೇರ್ ದೆಮ್ ಔಟ್.
(7) ಐ ವರ್ಕ್ಡ್ ಟ್ವೆಲ್ವ್ ಅವರ್ಸ್ ಅಂಡ್ ಐ ಆಮ್ ವೋರ್ನ್ ಔಟ್.
(8) ಐ ಆಮ್ ಟಯರ್ಡ್ ಫ್ರಮ್ ಮೈ ಡ್ಯೂಟಿ. ಎಷ್ಟು ಗಂಟೆ ದುಡಿದಿರೆಂದು ಸೇರಿಸಿದರೆ ಇನ್ನೂ ಉತ್ತಮ.

ಎಂಟರಲ್ಲಿ ಆರು ಸರಿಯಾದರೆ ಪಾಠ ಬಂದಿತೆಂದು ತಿಳಿಯಿರಿ. ಕಡಿಮೆಯಾದರೆ ಎರಡನೆಯ ಮತ್ತು ಮೂರನೆಯ ಭಾಗಗಳನ್ನು ಮತ್ತೊಮ್ಮೆ ಓದಿರಿ. ವಾಚನಾಲಯದ ಮೇಜಿನ ಮೇಲೆ ಇಂಗ್ಲಿಷ್–ಕನ್ನಡ ನಿಘಂಟು ಎಲ್ಲರಿಗಾಗಿಯೂ ಇದೆ. ಬಾಡಿಗೆ ಕರಾರಾಗಲಿ ಅರ್ಜಿಯಾಗಲಿ, ರುಜು ಹಾಕುವ ಮೊದಲು ಓದಿಸಿಕೊಳ್ಳಬೇಕೆನ್ನುವವರು ಸಂಕೋಚವಿಲ್ಲದೆ ತರಬಹುದು. ಕೂಡಿ ಕುಳಿತು ಓದೋಣ.